ಮುಚ್ಚಿದರೂ ಸೋರುವ ವಾಲ್ವ್

ಪ್ರಶ್ನೆ: ಸ್ಟೀಮ್ ಲೈನಿನ ಗ್ಲೋಬ್ ವಾಲ್ವ್ ಪೂರ್ತಿ ಮುಚ್ಚಿದರೂ ಸೋರುತ್ತದೆ. ಗ್ರೈಂಡಿಂಗ್ ಪೇಸ್ಟ್ ಹಾಕಿ ಡಿಸ್ಕನ್ನು (ದಾರಿ ಮುಚ್ಚುವ ಬಿಲ್ಲೆ) ಸೀಟಿಗೆ (ಅದು ಕೂರುವ ಉಂಗುರ) ಗಂಟೆಗಟ್ಟಲೆ ಉಜ್ಜಿದೆವು. ಪ್ರಯೋಜನವಿಲ್ಲ. ಏನು ಮಾಡೋಣ?

ಉತ್ತರ: ಮೊದಲು ಉಜ್ಜುವುದು ನಿಲ್ಲಿಸಿ. ಸೀಟಿನ ಮೇಲೆ ಉಗುರು ಆಡಿಸಿ. ಎಲ್ಲಾದರೂ ತಡೆದರೆ ಅದು ಸ್ಟೀಮ್ ಕೊರೆದ ಕಾಲುವೆ. ಲ್ಯಾಪಿಂಗ್, ಅಂದರೆ ಪೇಸ್ಟ್ ಹಾಕಿ ಉಜ್ಜುವುದು, ತೆಗೆಯುವುದು ಮಿಲಿಮೀಟರಿನ ನೂರನೇ ಭಾಗಗಳಷ್ಟು ಮಾತ್ರ, ಸುಮ್ನೆ ತೋಳು ನೋವು. ಸೀಟಿಗೆ ಕಟರ್, ಡಿಸ್ಕಿಗೆ ಲೇತ್, ಲ್ಯಾಪಿಂಗ್ ಆಮೇಲೆ.

ಚಪ್ಪಟೆ ಸೀಟಾದರೆ ಎರಡನ್ನೂ ಒಂದಕ್ಕೊಂದು ತಿಕ್ಕುವುದು ನನಗಂತೂ ಒಪ್ಪಿಗೆಯಿಲ್ಲ. ಒಂದರ ಗಾಯ ಇನ್ನೊಂದಕ್ಕೆ ಅಂಟುತ್ತದೆ. ಡಿಸ್ಕನ್ನು ಎರಕದ ಕಬ್ಬಿಣದ ಪ್ಲೇಟಿನ ಮೇಲೆ ಎಂಟರ ಆಕಾರದಲ್ಲಿ ಆಡಿಸಿ. ಸೀಟಿಗೆ ಬೇರೆ ಲ್ಯಾಪ್ (ಪೇಸ್ಟ್ ಸವರಿ ಉಜ್ಜುವ ಉಪಕರಣ) ಬಳಸಿ. 220ರ ಒರಟು ಪೇಸ್ಟಿನಿಂದ 600ರ ನಯದ ಪೇಸ್ಟಿಗೆ ಬನ್ನಿ. ನಡುವೆ ಚೆನ್ನಾಗಿ ತೊಳೆಯಿರಿ. ಜಾಸ್ತಿ ಜನ ಹಾರಿಸುವುದು ಇದನ್ನೇ. ಕೊನೆಗೆ ಡಿಸ್ಕಿಗೆ ತೆಳ್ಳಗೆ ನೀಲಿ (ಗುರುತು ಮೂಡಿಸುವ ಬಣ್ಣ) ಸವರಿ ಸೀಟಿಗೆ ಒತ್ತಿ ನೋಡಿ. ಉಂಗುರ ಎಲ್ಲೂ ಕಡಿಯದೆ ಮೂಡಿದರೆ ಜೋಡಿಸಬಹುದು. ಗ್ಲಾಂಡ್ ಪ್ಯಾಕಿಂಗ್ (ವಾಲ್ವಿನ ದಂಡದ ಸುತ್ತ ಸೋರದಂತೆ ತುಂಬುವುದು) ಹೊಸದು ಹಾಕಿ.