ರೂಮ್‌ಮೇಟ್‌ಗೆ ನನ್ನ ಕಥೆ ಗೊತ್ತಾಗಿಬಿಟ್ಟರೆ?

ಪ್ರಶ್ನೆ: ಡಿಗ್ರಿ ಮೊದಲ ವರ್ಷದಲ್ಲಿದ್ದೇನೆ. ಚಿಕ್ಕಂದಿನಿಂದಲೂ ನಾಚಿಕೆ ಜಾಸ್ತಿ. ಹೈಸ್ಕೂಲಿನಿಂದ ಬೇರೆ ಹೆಸರಿನಲ್ಲಿ ಫ್ಯಾನ್ ಫಿಕ್ಷನ್ ಬರೆಯುತ್ತಿದ್ದೇನೆ. ನನಗಿಷ್ಟವಾದ ಒಂದು ಸೀರೀಸಿನ ಪಾತ್ರಗಳು, ಕಥೆ ನನ್ನದು. ಆನ್‌ಲೈನ್‌ನಲ್ಲಿ ಓದುಗರು ಮುಂದಿನ ಅಧ್ಯಾಯ ಯಾವಾಗ ಅಂತ ಕೇಳುತ್ತಾರೆ. ಕಾಲೇಜಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಊಟವಾದ ತಕ್ಷಣ ಹಾಸ್ಟೆಲ್ ರೂಮಿಗೆ ಬಂದು ರಾತ್ರಿ ಎರಡರವರೆಗೆ ಬರೆಯುತ್ತೇನೆ. ಮೊನ್ನೆ ರೂಮ್‌ಮೇಟ್ ‘ಏನೇ ಅದು, ಇಷ್ಟುದ್ದ ಬರೀತಿದ್ದೀಯಾ?’ ಅಂದಾಗ ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿ ‘ಅಸೈನ್‌ಮೆಂಟ್’ ಅಂದೆ. ಎಲ್ಲಾ ಡಿಲೀಟ್ ಮಾಡಿ, ಎಲ್ಲರ ಹಾಗೆ ಇದ್ದುಬಿಡೋಣ ಅನ್ನಿಸುತ್ತಿದೆ.
– ಹೆಸರು ಬೇಡ

ಉತ್ತರ: ಡಿಲೀಟ್ ಮಾಡಬೇಡಿ. ಬೇಜಾರು ನಾಲ್ಕು ದಿನಕ್ಕೆ ಹೋಗುತ್ತದೆ, ಅಳಿಸಿದ ಕಥೆ ವಾಪಸ್ ಬರುವುದಿಲ್ಲ. ಯಾರಾದರೂ ನೋಡಿಬಿಟ್ಟರೆ ಎಂಬ ಭಯವಿದ್ದರೆ ಅದಕ್ಕೆ ಬೇರೆ ದಾರಿಗಳಿವೆ. ನೀವು ಬರೆಯುವುದು ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ತಾಣದಲ್ಲಾದರೆ, ಲಾಗಿನ್ ಆದವರಿಗೆ ಮಾತ್ರ ಕಥೆ ಕಾಣುವಂತೆ ಇಡಬಹುದು. ತೀರಾ ಬೇಡ ಅನ್ನಿಸಿದರೆ ಅಲ್ಲಿ ಕಥೆಯನ್ನು ‘ಆರ್ಫನ್’ ಮಾಡಲೂ ಬರುತ್ತದೆ. ಕಥೆ ಓದುಗರಿಗೆ ಉಳಿಯುತ್ತದೆ, ನಿಮ್ಮ ಖಾತೆಯ ನಂಟು ಕಡಿದುಹೋಗುತ್ತದೆ. ಅದೂ ಒಮ್ಮೆ ಮಾಡಿದರೆ ಮುಗಿಯಿತು. ಹಾಗಾಗಿ ಆ ಬಟನ್ ಹತ್ತಿರ ರಾತ್ರಿ ಎರಡು ಗಂಟೆಗೆ ಹೋಗಬೇಡಿ.

ಅಂದಹಾಗೆ, ಆ ತಾಣಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂದಿದೆ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಲೋಕದ ದೊಡ್ಡ ಪ್ರಶಸ್ತಿ ಅದು. ನಿಮ್ಮ ಸಮಾಧಾನಕ್ಕೆ ಹೇಳಿದೆ ಅಷ್ಟೇ. ರೂಮ್‌ಮೇಟ್ ಮುಂದೆ ವಾದಕ್ಕೆ ಬಳಸಿದರೆ ಕೆಲಸಕ್ಕೆ ಬರುವುದಿಲ್ಲ.

ಬರೆಯುವುದರಿಂದಲೇ ಒಂಟಿಯಾದೆ ಅಂತ ನೀವು ಅಂದುಕೊಂಡಿದ್ದೀರಿ. ನನಗೇನೋ ಹಾಗೆ ಕಾಣುತ್ತಿಲ್ಲ. ಆ ಓದುಗರು ನಿಮ್ಮ ಜೊತೆ ಹೇಗೆ ಮಾತಿಗೆ ಬಂದರು? ನೀವು ಯಾರು, ಎಂಥವರು ಅಂತ ವಿಚಾರಿಸಿಕೊಂಡು ಬರಲಿಲ್ಲ. ಇಬ್ಬರಿಗೂ ಇಷ್ಟವಾದ ಪಾತ್ರ ಒಂದು ನಡುವೆ ಇತ್ತು. ‘ಅವಳು ಅವನನ್ನು ಅಷ್ಟು ಬೇಗ ಕ್ಷಮಿಸಬಾರದಿತ್ತು’ ಅಂತ ಯಾರೋ ಬರೆದರು, ನೀವು ಉತ್ತರ ಕೊಟ್ಟಿರಿ, ಪರಿಚಯ ಆಮೇಲೆ ಆಯಿತು. ನಾಚಿಕೆಯವರಿಗೆ ಕಷ್ಟವಾಗುವುದು ತಮ್ಮ ಬಗ್ಗೆ ಹೇಳಿಕೊಳ್ಳುವುದು. ಕಾಲೇಜಿನಲ್ಲಿ ನೀವು ಆ ಕಷ್ಟದ ಕೆಲಸವೇ ಮೊದಲು ಆಗಬೇಕು ಅಂದುಕೊಂಡು ಕೂತಿದ್ದೀರಿ. ಇಲ್ಲೂ ನಡುವೆ ಒಂದು ವಸ್ತು ಇಟ್ಟುಕೊಳ್ಳಿ. ಲ್ಯಾಬ್ ರೆಕಾರ್ಡ್ ಆದರೂ ಸರಿ. ಕಾಲೇಜ್ ಮ್ಯಾಗಜೀನ್ ಇದ್ದರೆ ಇನ್ನೂ ಒಳ್ಳೆಯದು. ಪ್ರೂಫ್ ನೋಡುತ್ತೇನೆ ಅಂದವರನ್ನು ಯಾವ ಸಂಪಾದಕರೂ ಬೇಡ ಅನ್ನುವುದಿಲ್ಲ. ತಲೆ ತಗ್ಗಿಸಿಕೊಂಡೇ ಮಾಡುವ ಕೆಲಸ ಅದು, ಆದರೂ ಪಕ್ಕದಲ್ಲಿ ಜನ ಇರುತ್ತಾರೆ.

ಇನ್ನು ರೂಮ್‌ಮೇಟ್. ಅವಳು ಕೇಳಿದ್ದು ಕುತೂಹಲಕ್ಕೆ. ಲ್ಯಾಪ್‌ಟಾಪ್ ಮುಚ್ಚಿದ ರಭಸಕ್ಕೆ ‘ನನ್ನ ತಂಟೆಗೆ ಬರಬೇಡ’ ಅಂದ ಹಾಗೆ ಕೇಳಿಸಿರುತ್ತದೆ. ಪಾಪ, ಅವಳೂ ಹೊಸಬಳೇ ಅಲ್ವಾ? ‘ಅವತ್ತು ಅಸೈನ್‌ಮೆಂಟ್ ಅಲ್ಲ, ಒಂದು ಸೀರೀಸ್ ಪಾತ್ರಗಳ ಮೇಲೆ ಕಥೆ ಬರೀತೀನಿ. ಓದೋಕೆ ಮಾತ್ರ ಕೇಳಬೇಡ’ ಅಂದರೆ ಸಾಕು. ಬರೆಯುತ್ತೇನೆ ಅಂತ ಹೇಳುವುದು ಬೇರೆ, ಯಾವ ಹೆಸರಿನಲ್ಲಿ ಅಂತ ಹೇಳುವುದು ಬೇರೆ. ಹೆಸರು ಕೊಟ್ಟರೆ ಹೈಸ್ಕೂಲಿನಲ್ಲಿ ಬರೆದದ್ದೂ ಸೇರಿ ಎಲ್ಲವೂ ಅವಳ ಕೈಗೆ ಹೋಗುತ್ತದೆ. ನಂಬಿಕೆ ಬರುವವರೆಗೆ ಅದು ನಿಮ್ಮ ಹತ್ತಿರವೇ ಇರಲಿ. ಅವಳು ನಗಬಹುದು. ನಕ್ಕು ಅಲ್ಲಿಗೇ ಬಿಟ್ಟರೆ ಪರವಾಗಿಲ್ಲ. ಹಾಸ್ಟೆಲ್ ತುಂಬಾ ಹೇಳಿಕೊಂಡು ಬಂದರೆ ಅವಳು ಎಂಥವಳು ಅಂತ ಬೇಗ ಗೊತ್ತಾಯಿತು, ಹೆಸರು ಹೇಳದಿದ್ದದ್ದು ಒಳ್ಳೆಯದೇ ಆಯಿತು.

ನಾನು ಬದಲಾಯಿಸಿ ಅನ್ನುವುದು ಒಂದನ್ನೇ: ಆ ರಾತ್ರಿ ಎರಡು ಗಂಟೆ. ನಿದ್ದೆಗೆಟ್ಟವರಿಗೆ ಬೆಳಿಗ್ಗೆ ಕ್ಲಾಸೂ ಬೇಡ, ಜನರೂ ಬೇಡ. ಮುಂದಿನ ಅಧ್ಯಾಯದ ಕೊನೆಯಲ್ಲಿ ‘ಕಾಲೇಜ್ ಶುರುವಾಗಿದೆ, ಇನ್ನು ಮೇಲೆ ನಿಧಾನ’ ಅಂತ ಒಂದು ಸಾಲು ಹಾಕಿ. ಓದುಗರು ಗೊಣಗಬಹುದು, ಆದರೆ ಕಾಯುತ್ತಾರೆ. ಊಟವಾದ ಮೇಲೆ ತಕ್ಷಣ ಏಳಬೇಡಿ, ಪಕ್ಕದವರು ಕೈ ತೊಳೆದು ಬರುವವರೆಗಾದರೂ ಕೂತಿರಿ.