ವನ್ಯಜೀವಿ ಸಂಶೋಧಕರ ಮಾತನ್ನು ಸರ್ಕಾರ ಕೇಳುತ್ತದೆಯೇ? ಪಿಎಚ್.ಡಿ. ಮಾಡಲೋ, ಅರಣ್ಯ ಸೇವೆಯ ಪರೀಕ್ಷೆ ಬರೆಯಲೋ?

ಧಾರವಾಡದಿಂದ ಪುಣೆಗೆ ಬಂದು ಎಂ.ಎಸ್ಸಿ. ಮುಗಿಸಿದ್ದೇನೆ, ವಿಜ್ಞಾನಿಗಳ ಮಾತಿಗೆ ಬೆಲೆಯಿಲ್ಲ ಅನ್ನಿಸುತ್ತಿದೆ ಅಂತ ಬರೆದಿದ್ದೀರಿ. ಇದೇ ಗೊಂದಲ ಹೊತ್ತುಕೊಂಡು ನಾನು ಮುಂಬೈಗೆ ಬಂದಿದ್ದೆ.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಅಂಚಿನಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ) ಕೆಲಸ. ಸುಮಾರು 104 ಚದರ ಕಿ.ಮೀ. ಕಾಡು, ಸುತ್ತ ಕಟ್ಟಡಗಳು. ಘೋಡ್‌ಬಂದರ್ ರಸ್ತೆಯ ಒಂದು ವಸತಿ ಸೊಸೈಟಿಯವರು ಮಾತಾಡಲು ಕರೆದರು. ಚಿರತೆ ಎಷ್ಟು ಹೊತ್ತಿಗೆ ಬರುತ್ತದೆ, ಕಾಂಪೌಂಡಿನಿಂದ ಎಷ್ಟು ದೂರದಲ್ಲಿ ಓಡಾಡುತ್ತದೆ, ಎಲ್ಲವನ್ನೂ ಫೋಟೋ ಸಮೇತ ತೋರಿಸಿದೆ. ಉಡುಪಿ ಕಡೆಯ ಹಿರಿಯರೊಬ್ಬರು ಕನ್ನಡದಲ್ಲೇ ಕೇಳಿದರು: "ಇಷ್ಟು ಹತ್ತಿರ ಬರ್ತದೆ ಅಂದ್ರೆ ಬೋನು ಇಡಿಸ್ಬೇಕಲ್ವಾ ಮಗು?" ಅದು ಇಲಾಖೆಯ ತೀರ್ಮಾನ ಅಂದುಬಿಟ್ಟೆ.

ನನಗೆ ದುಬಾರಿಯಾದ ತಪ್ಪು ಅದೇ. ಫೋಟೋ ತೋರಿಸಿದ್ದು ತಪ್ಪಲ್ಲ. ಅಭಿಪ್ರಾಯ ಹೇಳುವುದು ಸಂಶೋಧಕರ ಕೆಲಸವಲ್ಲ ಅಂತ ನಂಬಿದ್ದೆ. ಆದರೆ ಅವರು ನನ್ನ ಅಭಿಪ್ರಾಯ ಕೇಳಿರಲಿಲ್ಲ. ಬೋನು ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಧ್ಯಯನವೇ ಇತ್ತು, ನಾನು ಓದಿಯೂ ಇದ್ದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ ಊರ ಸುತ್ತ ಹಿಡಿದ ಚಿರತೆಗಳನ್ನು ಸರಾಸರಿ 40 ಕಿ.ಮೀ. ದೂರದ ಕಾಡುಗಳಿಗೆ ಬಿಡುತ್ತಿದ್ದರು. ಅದಕ್ಕೆ ಮುಂಚೆ ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು. ಆಮೇಲೆ ಅದು 17ಕ್ಕೆ ಏರಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು 2011ರಲ್ಲಿ ಇದನ್ನು ಪ್ರಕಟಿಸಿದ್ದರು. ಆ ಹಿರಿಯರಿಗೆ ಬೇಕಿದ್ದದ್ದು ಇಷ್ಟೇ. ಹೇಳೋಕೆ ಎರಡು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ಅವರು ನನ್ನದೇ ಫೋಟೋಗಳನ್ನು ಲಗತ್ತಿಸಿ ಬೋನಿಗೆ ಅರ್ಜಿ ಹಾಕಿದರು. ಬೋನು ಬರಲಿಲ್ಲ. ಸಿಟ್ಟು ನನ್ನ ಮೇಲೆ ತಿರುಗಿತು, ಗೋಡೆಯ ಪಕ್ಕ ಕ್ಯಾಮೆರಾ ಬೇಡ ಅಂದರು. ಕಾಡಿನ ಅಂಚಿನ ಮಾಹಿತಿ ಅಲ್ಲಿಗೇ ನಿಂತಿತು, ಪ್ರಬಂಧದ ಒಂದು ಇಡೀ ಅಧ್ಯಾಯ ಹೋಯಿತು.

ಅಲ್ಲಿ ತಪ್ಪಿದ್ದು ಸರ್ಕಾರವಲ್ಲ, ನಾನು. ಹಾಗಾಗಿ, ಸರ್ಕಾರ ಕೇಳುವುದಿಲ್ಲ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 2011ರಲ್ಲೇ ಕೇಂದ್ರ ಪರಿಸರ ಸಚಿವಾಲಯ ಚಿರತೆ ಸಂಘರ್ಷದ ಬಗ್ಗೆ ಮಾರ್ಗಸೂಚಿ ತಂದಿತು. ಕಂಡಕಂಡಲ್ಲಿ ಹಿಡಿದು ಬೇರೆಡೆ ಬಿಡುವುದು ಪರಿಹಾರವಲ್ಲ, ಜನರಿಗೆ ತಿಳಿಹೇಳಿ ಅನ್ನುವುದು ಅದರ ತಿರುಳು. ಕೇಳಿದ್ದಾರೆ ತಾನೆ?

ಆದರೆ ಮಾರ್ಗಸೂಚಿ ತಾನಾಗಿ ಸೊಸೈಟಿ ಗೇಟಿಗೆ ನಡೆದು ಬರುವುದಿಲ್ಲ. ಅದೇ ವರ್ಷ ಇಲ್ಲಿ ಅರಣ್ಯ ಇಲಾಖೆ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' (ಎಸ್‌ಜಿಎನ್‌ಪಿ ಅಂದರೆ ಇದೇ ಸಂಜಯ್ ಗಾಂಧಿ ಉದ್ಯಾನ) ಅನ್ನುವ ಕಾರ್ಯಕ್ರಮ ಶುರು ಮಾಡಿತು. ಸಂಶೋಧಕರು, ವಿದ್ಯಾರ್ಥಿಗಳು, ಊರಿನವರು ಸೇರಿ ಮನೆಮನೆಗೆ ವಿಷಯ ಮುಟ್ಟಿಸಿದರು. ಕಸ ಬಿದ್ದರೆ ಬೀದಿನಾಯಿ, ನಾಯಿ ಇದ್ದರೆ ಚಿರತೆ. ಒಂದನ್ನು ಹಿಡಿದರೆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಇಷ್ಟು ಅರ್ಥವಾದ ಸೊಸೈಟಿ ಬೋನು ಕೇಳುವ ಬದಲು ಮೊದಲು ಕಸದ ಡಬ್ಬಿ ಮುಚ್ಚುತ್ತದೆ, ಮಕ್ಕಳನ್ನು ಸಂಜೆ ಒಂಟಿಯಾಗಿ ಬಿಡುವುದಿಲ್ಲ. ನೀತಿ ಜಾರಿಯಾಗುವುದು ಅಂದರೆ ನನ್ನ ಮಟ್ಟಿಗೆ ಇದೇ.

ಅರಣ್ಯ ಸೇವೆಗೆ ಹೋಗುವ ಆಸೆ ನಿಜವಾಗಿಯೂ ಇದ್ದರೆ ಹೋಗಿ. ಸಂಶೋಧನೆಯಿಂದ ಪ್ರಯೋಜನವಿಲ್ಲ ಅಂತ ಮಾತ್ರ ಹೋಗಬೇಡಿ. ನಾಳೆ ನೀವು ಅಧಿಕಾರಿಯಾದರೂ, ಚಿರತೆ ಬಂದಿದೆ ಅಂತ ರಾತ್ರಿ ಫೋನ್ ಬಂದಾಗ ಯಾರೋ ಮಾಡಿಟ್ಟ ಅಧ್ಯಯನವೇ ಬೇಕಾಗುತ್ತದೆ. ಪಿಎಚ್.ಡಿ. ವಿಷಯ ಆರಿಸುವ ಮುಂಚೆ ಮರಾಠಿ ಕಲಿಯಿರಿ. ಜುನ್ನರ್ ನಿಮಗೆ ಹತ್ತಿರವೇ ಇದೆ. ಅಲ್ಲಿನ ವಲಯ ಅರಣ್ಯಾಧಿಕಾರಿಯನ್ನು, ಕಬ್ಬು ಬೆಳೆಯುವವರನ್ನು ಕಂಡು, ಅವರಿಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಅಂತ ಕೇಳಿ. ಅದರ ಮೇಲೆ ಪ್ರಸ್ತಾವನೆ ಬರೆಯಿರಿ.