ಕಳಿಸಿದ ಜಿಪ್ ಫೈಲ್ ಸರ್ವರ್‌ನಲ್ಲಿ ತೆರೆಯುತ್ತಿಲ್ಲ, ಏಕೆ?

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಲಿನಕ್ಸ್ ಸರ್ವರ್‌ಗೆ ಎಫ್‌ಟಿಪಿ ಮೂಲಕ ಕೆಲವು ಫೈಲ್ ಕಳಿಸಿದೆ. ಎರರ್ ಏನೂ ಬರಲಿಲ್ಲ. ಟೆಕ್ಸ್ಟ್ ಫೈಲ್‌ಗಳು ಚೆನ್ನಾಗಿವೆ. ಜಿಪ್ ಮತ್ತು ಪಿಎನ್‌ಜಿ ಫೈಲ್‌ಗಳು ಮಾತ್ರ ಅಲ್ಲಿ ತೆರೆಯುತ್ತಿಲ್ಲ. ಸೈಜ್ ಹೆಚ್ಚುಕಡಿಮೆ ಅಷ್ಟೇ ಇದೆ. ನೆಟ್ ತೊಂದರೆಯೇ? ರಿಪೇರಿ ಮಾಡಬಹುದೇ?

ಉತ್ತರ: ಸುಮ್ನೆ ನೆಟ್ ಮೇಲೆ ಅನುಮಾನ ಬೇಡ. ‘ಹೆಚ್ಚುಕಡಿಮೆ’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಸೈಜನ್ನು ಎಂಬಿಯಲ್ಲಿ ನೋಡಬೇಡಿ, ಬೈಟ್ ಲೆಕ್ಕದಲ್ಲಿ ನೋಡಿ. ಸರ್ವರ್‌ನಲ್ಲಿರುವ ಪ್ರತಿಯಲ್ಲಿ ಕೆಲವೇ ಬೈಟ್ ಕಮ್ಮಿ ಇದ್ದರೆ, ಫೈಲ್ ಆಸ್ಕಿ ಮೋಡ್‌ನಲ್ಲಿ, ಅಂದರೆ ಟೆಕ್ಸ್ಟ್‌ಗೆಂದೇ ಇರುವ ಎಫ್‌ಟಿಪಿ ವಿಧಾನದಲ್ಲಿ, ಹೋಗಿರುವ ಸಾಧ್ಯತೆಯೇ ಜಾಸ್ತಿ.

ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ಬೈಟ್ ಇರುತ್ತವೆ: 13 ಮತ್ತು 10. ಲಿನಕ್ಸ್‌ಗೆ 10 ಒಂದೇ ಸಾಕು. ಆಸ್ಕಿ ಮೋಡ್ ಈ ವ್ಯತ್ಯಾಸವನ್ನು ಕಳಿಸುವಾಗಲೇ ಸರಿಪಡಿಸುತ್ತದೆ. ಟೆಕ್ಸ್ಟ್‌ಗೆ ಅದು ಉಪಕಾರ. ಯುಟಿಎಫ್-8ರಲ್ಲಿ ಬರೆದ ಕನ್ನಡಕ್ಕೂ ಏನೂ ಆಗುವುದಿಲ್ಲ, ಏಕೆಂದರೆ ಕನ್ನಡ ಅಕ್ಷರದ ಬೈಟ್‌ಗಳೆಲ್ಲ 127ಕ್ಕಿಂತ ಮೇಲಿನವು. ಆದರೆ ಜಿಪ್‌ನೊಳಗೆ ಸಾಲು ಎಂಬುದೇ ಇಲ್ಲ. ಅಲ್ಲಿ 13ರ ಪಕ್ಕ 10 ಬಂದರೆ ಅದು ಬರೀ ಕಾಕತಾಳೀಯ. ಆಸ್ಕಿ ಮೋಡ್‌ಗೆ ಅದೆಲ್ಲ ಗೊತ್ತಿಲ್ಲ, 13ನ್ನು ಕಿತ್ತುಹಾಕುತ್ತದೆ. ಕಂಪ್ರೆಸ್ ಆದ ಡೇಟಾದಲ್ಲಿ ಇಂಥ ಜೋಡಿ ಸರಾಸರಿ 65,536 ಬೈಟ್‌ಗೊಮ್ಮೆ ಸಿಗುತ್ತದೆ. ಅಂದರೆ 1 ಎಂಬಿಗೆ ಸುಮಾರು 16 ಬೈಟ್ ಹೋಯಿತು. ಎಂಬಿ ಲೆಕ್ಕದಲ್ಲಿ ಇದು ಕಣ್ಣಿಗೇ ಬೀಳೋದಿಲ್ಲ, ಅಲ್ವಾ?

ಖಾತ್ರಿ ಬೇಕಾದರೆ ಪಿಎನ್‌ಜಿಯನ್ನು ಹೆಕ್ಸ್ ವ್ಯೂಯರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಪ್ರತಿ ಪಿಎನ್‌ಜಿಯೂ ಶುರುವಾಗುವುದು 137, 80, 78, 71, 13, 10, 26, 10 ಎಂಬ ಎಂಟು ಬೈಟ್‌ಗಳಿಂದ. ಇದೇ ಕಾಟವನ್ನು ಮೊದಲ ನೋಟಕ್ಕೇ ಹಿಡಿಯಲೆಂದು ಅದನ್ನು ರೂಪಿಸಿದವರು ಬೇಕೆಂದೇ 13, 10 ಜೋಡಿಯನ್ನೂ ಒಂಟಿ 10ನ್ನೂ ಅಲ್ಲಿ ಇಟ್ಟಿದ್ದಾರೆ. ಜಾಣತನ ಅಂದರೆ ಇದು! ನಿಮ್ಮ ಫೈಲ್‌ನಲ್ಲಿ 71 ಆದಮೇಲೆ ನೇರ 10 ಬಂದಿದ್ದರೆ ಅನುಮಾನವೇ ಬೇಡ. ಹೆಕ್ಸ್‌ನಲ್ಲಿ 13 ಎಂದರೆ 0ಡಿ, 10 ಎಂದರೆ 0ಎ.

ರಿಪೇರಿ ಆಸೆ ಬಿಡಿ. 1 ಎಂಬಿಯಲ್ಲಿ 10 ಎಂಬ ಬೈಟ್ ಸುಮಾರು 4,000 ಸಲ ಬರುತ್ತದೆ. ಅದರಲ್ಲಿ ಯಾವ 16ರ ಹಿಂದೆ 13 ಇತ್ತು ಎಂದು ಹೇಳುವುದು ಹೇಗೆ? ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದ ಫೈಲ್ ಆಗಿದ್ದರೆ ಸ್ವಲ್ಪ ಆಸೆ ಇತ್ತು. ಅಲ್ಲಿ 13 ಸೇರುತ್ತದೆ, ಫೈಲ್ ಉಬ್ಬುತ್ತದೆ. ಪ್ರತಿ 10ಕ್ಕೂ ತಪ್ಪದೆ ಸೇರಿಸಿದ್ದರೆ ವಾಪಸ್ ತೆಗೆಯಬಹುದು.

ಮೂಲ ಫೈಲ್ ಲ್ಯಾಪ್‌ಟಾಪ್‌ನಲ್ಲಿದೆಯಲ್ಲ, ಮತ್ತೆ ಕಳಿಸಿ. ಸರ್ವರ್‌ನ ಕೆಟ್ಟ ಪ್ರತಿಯನ್ನು ಮೊದಲು ಡಿಲೀಟ್ ಮಾಡಿ. ಇಲ್ಲದಿದ್ದರೆ ಅದು ಚಿಕ್ಕದಿದೆ ಎಂದು ಕ್ಲೈಂಟ್ (ನೀವು ಕಳಿಸಲು ಬಳಸುವ ಎಫ್‌ಟಿಪಿ ಸಾಫ್ಟ್‌ವೇರ್) ‘ರೆಸ್ಯೂಮ್’ ಮಾಡಲು, ಅಂದರೆ ನಿಂತಲ್ಲಿಂದ ಮುಂದುವರಿಸಲು ಹೋಗಿ, ಕೆಟ್ಟ ಪ್ರತಿಗೇ ಬಾಲ ಅಂಟಿಸೀತು. ಕ್ಲೈಂಟ್ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಫರ್ ಟೈಪ್ ‘ಬೈನರಿ’ ಇರಲಿ, ಅದು ಬೈಟ್‌ಗಳನ್ನು ಇದ್ದಂತೆಯೇ ಕಳಿಸುತ್ತದೆ. ‘ಆಟೋ’ ಎಂದಿದ್ದರೆ ಅದು ಎಕ್ಸ್‌ಟೆನ್ಶನ್ ನೋಡಿ ಊಹಿಸುತ್ತದೆ. ಕಮಾಂಡ್ ಲೈನ್ ಆದರೆ ಕಳಿಸುವ ಮುಂಚೆ ‘ಬೈನರಿ’ ಎಂದು ಟೈಪ್ ಮಾಡಿ. 1985ರ ಎಫ್‌ಟಿಪಿ ನಿಯಮದ ಪ್ರಕಾರ ಏನೂ ಹೇಳದಿದ್ದರೆ ಆಸ್ಕಿಯೇ. ಕಳಿಸಿದ ಮೇಲೆ ಎರಡೂ ಕಡೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್‌ನ ಬೈಟ್‌ಗಳಿಂದ ಲೆಕ್ಕಹಾಕುವ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ.

ಬೈನರಿಯಲ್ಲಿ ಶೆಲ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡ್‌ಗಳನ್ನು ಬರೆದಿಟ್ಟ ಟೆಕ್ಸ್ಟ್ ಫೈಲ್) ಕಳಿಸಿದರೆ 13 ಹಾಗೇ ಉಳಿದು ‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬ ಎರರ್ ಬರಬಹುದು. ಆಗ ಸರ್ವರ್‌ನಲ್ಲಿ ಆ ಸ್ಕ್ರಿಪ್ಟ್ ಮೇಲೆ ಮಾತ್ರ ‘ಡಾಸ್‌ಟುಯುನಿಕ್ಸ್’ (dos2unix) ಎಂಬ, ಸಾಲಿನ ಕೊನೆಯ 13ನ್ನು ತೆಗೆಯುವ ಕಮಾಂಡ್ ಓಡಿಸಿ.